ಕೆಂಬಾಳೆಯ ಗುರುತು

ಹೋದ ತಿಂಗಳು ಪಕ್ಕದ ಮನೆಯವರು ಬಾಗಿಲಿಗೆ ಬಣ್ಣ ಬಳಿಸಿದರು. ಬಣ್ಣದವನು ವಯಸ್ಸಾದವನು, ಹಳೇ ಪದ್ಧತಿಯವನು. ಡಬ್ಬಿಯೊಳಗಿನ ಬಣ್ಣ ಗಟ್ಟಿಯಾಯಿತೆಂದು ಕುದಿಸಿದ ಅಗಸೆ ಎಣ್ಣೆ ಬೆರೆಸಿದ. ನಾನು ಪಡಸಾಲೆಯಲ್ಲಿ ಕೂತಿದ್ದೆ. ವಾಸನೆ ಗೋಡೆ ದಾಟಿ ಬಂತು. ನನ್ನ ಹೆಂಡತಿ ನೀಲಮ್ಮ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ಇದ್ದಿದ್ದರೆ ಚಟ್ನಿಪುಡಿಯ ವಾಸನೆಯೆಂದು ತಿಳಿದು ಒಳಗಿನಿಂದಲೇ, "ಯಾರ ಮನ್ಯಾಗರಿ ಅಗಸಿ ಹಿಂಡಿ ಕುಟ್ಟಲಾಕತ್ತಾರ?" ಅನ್ನುತ್ತಿದ್ದಳು. ನಾನು, "ಹಿಂಡಿ ಅಲ್ಲ, ಬಣ್ಣ," ಅನ್ನುತ್ತಿದ್ದೆ. ಆಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದೆವು. ಯಾಕೆ ಸುಮ್ಮನಾದೆವೆಂದು ಇಬ್ಬರಿಗೂ ಗೊತ್ತಿರುತ್ತಿತ್ತು.

ಈಗ ಅದು ನನ್ನೊಬ್ಬನಿಗೇ ಗೊತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ಬರೆಯುವುದೇ ನನ್ನ ಕೆಲಸವಾಗಿತ್ತು. ಆದರೆ ಬರೆಯಬೇಕಾದ ಎರಡು ಸಲ ನಾನು ಬರೆಯಲಿಲ್ಲ.

ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ರಾಜ್ಯ ಭಾರತಕ್ಕೆ ಸೇರಿದ ವರ್ಷ ನಾನು ಗುಲಬರ್ಗಾದ ಸರ್ಕಾರಿ ಬಾಗಿನಲ್ಲಿ ಮುನ್ಶಿಯಾಗಿದ್ದೆ. ಈಗ ಉದ್ಯಾನ ಅನ್ನುತ್ತಾರೆ, ಆಗ ಎಲ್ಲರ ಬಾಯಲ್ಲೂ ಅದು ಬಾಗು. ನಿಜಾಮರ ಕಾಲದಲ್ಲಿ ಊರ ಜನ ತಿರುಗಾಡಲೆಂದು ಮಾಡಿದ್ದು. ದೂರದೂರದಿಂದ ಗಿಡ ತರಿಸಿ ಹಚ್ಚಿದ್ದರು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಬಿರಿಯುವಾಗ ಎಳೇ ಬೇರನ್ನು ಹರಿದುಹಾಕುತ್ತದೆ. ಅದಕ್ಕೆಂದು ಮೊದಲು ಬಾಗು ಮಾಡಿದವರು ಆಳುದ್ದ ಗುಂಡಿ ತೋಡಿಸಿ, ಕಮಲಾಪುರದ ಕಡೆಯಿಂದ ಗಾಡಿಗಟ್ಟಲೆ ಕೆಂಪು ಮಣ್ಣು ತರಿಸಿ ತುಂಬಿಸಿದ್ದರಂತೆ. ಹೊರಗಿನಿಂದ ಬಂದ ಪ್ರತಿ ಮರವೂ ಕಪ್ಪು ನೆಲದೊಳಗೆ ಒಂದೊಂದು ಕೆಂಪು ಬಟ್ಟಲಿನಲ್ಲಿ ನಿಂತಿತ್ತು.

ಇದನ್ನು ನನಗೆ ಹೇಳಿದವರು ದೊಡ್ಡ ಮಾಲಿ ಇಮಾಮಸಾಬರು. ಆ ಗುಂಡಿ ತೋಡಿದವರಲ್ಲಿ ಅವರ ಅಪ್ಪನೂ ಒಬ್ಬನಾಗಿದ್ದ. ಅವರಿಗೆ ಆಗಲೇ ಅರವತ್ತರ ಹತ್ತಿರ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಾಗಿನ ಬಾವಿಯ ಹಿಂದೆ ಒಂದು ಕೋಣೆಯಲ್ಲಿ ಇರುತ್ತಿದ್ದರು. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಮರಗಳ ಕಡೆ ಕೈ ತೋರಿಸಿ, "ಎಣಸ್ಕೋರಿ. ಒಬ್ಬಾಕಿದೂ ಲಗ್ನ ಮಾಡಬೇಕಾಗಿಲ್ಲ ನೋಡ್ರಿ, ಅಲ್ಲಾನ ಮೆಹರಬಾನಿ," ಅನ್ನುತ್ತಿದ್ದರು.

ಬಾಗಿನ ಹಳೇ ದಫ್ತರವನ್ನು ಗೆದ್ದಲು ತಿಂದಿತ್ತು. ಯಾವ ಮರ ಯಾವುದು, ಎಲ್ಲಿಂದ ಬಂತು ಎನ್ನುವುದು ಎರಡೇ ಕಡೆ ಉಳಿದಿತ್ತು: ಮರಕ್ಕೆ ಕಟ್ಟಿದ ತಗಡಿನ ಮೇಲೆ ಮತ್ತು ಇಮಾಮಸಾಬರ ತಲೆಯೊಳಗೆ. ಅವರಿಗೆ ಓದು ಬರುತ್ತಿರಲಿಲ್ಲ. ನಾನು ಉರ್ದು ಶಾಲೆಯಲ್ಲಿ ಮಿಡ್ಲ್ ಓದಿದವನು. ಕನ್ನಡವನ್ನು ಮಠದ ಅಯ್ಯನವರು ಕಲಿಸಿದ್ದರು. ಅವರು ಹೇಳಬೇಕು, ನಾನು ಬರೆಯಬೇಕು. ತಗಡಿಗೆ ಸಫೇದಾ, ಅಂದರೆ ಬಿಳೀ ಬಣ್ಣ, ಬಳಿದು, ಒಣಗಿದ ಮೇಲೆ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಉರ್ದುವಿನಲ್ಲಿ ಹೆಸರು ಬರೆಯುವುದು. ಅವರು ಎಲೆ ಹಿಚುಕಿ ಮೂಸಿ ನೋಡಿ ಹೆಸರು ಹೇಳುತ್ತಿದ್ದರು. ತಗಡು ಕಟ್ಟುವಾಗ ಮಾತ್ರ ನನ್ನನ್ನು ನಂಬುತ್ತಿರಲಿಲ್ಲ. ಪಕ್ಕದಲ್ಲೇ ನಿಂತು, ತಂತಿಯೊಳಗೆ ಬೆರಳು ತೂರಿಸಿ ನೋಡಿ ಹೇಳುತ್ತಿದ್ದರು:

"ಏ ಮುನ್ಶಿ, ತಂತಿ ಬಿಗಿಬ್ಯಾಡ. ಎರಡು ಬಟ್ಟು ಸಡ್ಲ ಬಿಡು. ಗಿಡ ಬೆಳೀತದ."

"ಬಿಟ್ಟೀನಿ ಚಾಚಾ."

"ಎಲ್ಲಿ ಬಿಟ್ಟಿ? ನನ್ನ ಬಟ್ಟು ಹೋಗವಲ್ದು. ಇದನ್ನ ಚೊಲೋ ಕಲ್ತುಕೋ. ನಾಳಿಗಿ ಲಗ್ನಾದ ಮ್ಯಾಲೂ ಇದಾ ಕೆಲಸಕ್ಕ ಬರ್ತದ."

ಆ ವರ್ಷ ಮಳೆ ಬಿಡದೆ ಹಿಡಿದಿತ್ತು. ಊರಲ್ಲಿ ಮಾತು ಕಡಿಮೆಯಾಗಿತ್ತು. ನಿಜಾಮರ ಪರ ನಿಂತ ರಜಾಕಾರರ ಹೆಸರನ್ನು ಜನ ಪಿಸುಗುಟ್ಟಿ ಹೇಳುತ್ತಿದ್ದರು. ನಮ್ಮ ಓಣಿಯ ಎಷ್ಟೋ ಮನೆಗಳವರು ಸೊಲ್ಲಾಪುರದ ಕಡೆ ಹೋಗಿ ಕೂತಿದ್ದರು. ಬಾಗಿಗೆ ತಿರುಗಾಡಲು ಬರುವವರೇ ಇಲ್ಲ. ಶುಕ್ರವಾರ ಸಂಜೆ ಹೆಂಗಸರಿಗೆಂದು ಬಾಗನ್ನು ಮೀಸಲಿಡುತ್ತಿದ್ದೆವು, ಅದೂ ನಿಂತಿತು. ಮೇಲಿನ ಸಾಹೇಬರು ಹೈದರಾಬಾದಿಗೆ ಹೋದವರು ತಿರುಗಿ ಬರಲಿಲ್ಲ. ಉಳಿದವರು ಇಮಾಮಸಾಬರು, ನಾನು ಮತ್ತು ಮಳೆ.

ಬಾವಿಯ ಪಕ್ಕದ ಮಡಿಯಲ್ಲಿ ಕಮಲಾಪುರದ ಕೆಂಬಾಳೆ ಇತ್ತು. ಗೊನೆ ಕೆಂಪಗೆ ತೂಗಿದಾಗ ಪರಊರಿನವರು ನಿಂತು ನೋಡುತ್ತಿದ್ದರು. ಆದರೆ ಎರೆಯ ನೀರು ಒಳಗೆ ಇಳಿದು ಮೂರ್ನಾಲ್ಕು ವರ್ಷಕ್ಕೊಮ್ಮೆ ಗಡ್ಡೆ ಕೊಳೆಯುತ್ತಿತ್ತು. ಆಗ ಕಮಲಾಪುರಕ್ಕೆ ಹೋಗಿ ಹೊಸ ಕಂದು, ಅಂದರೆ ಬಾಳೆಯ ಮರಿ, ಅಗೆದು ತರುವುದು ರೂಢಿ. ಅಲ್ಲಿ ನನ್ನ ಸೋದರಮಾವನ ಬಾಳೆ ತೋಟವಿತ್ತು. ಹಿಂದಿನ ಸಲ ನಾನೂ ಇಮಾಮಸಾಬರೂ ಕೂಡಿಯೇ ಹೋಗಿದ್ದೆವು. ಆ ವರ್ಷವೂ ಗಡ್ಡೆ ಕೊಳೆತವು.

ನಾನು ಹೊರಡಲು ಚೀಲ ಕಟ್ಟಿಕೊಂಡಿದ್ದೆ. ಅವರು ಬೇಡವೆಂದರು.

"ನೀ ಇಲ್ಲೇ ಇರು ಮುನ್ಶಿ. ದಾರಿ ಚೊಲೋ ಇಲ್ಲ. ಹಣಿಮ್ಯಾಲ ವಿಭೂತಿ ಹಚ್ಚಿದ ಹರೇದ ಹುಡುಗ ಎಲ್ಲಿಗಿ ಹೊಂಟಾನಂತ ಯಾರರೆ ತಡದು ಕೇಳಿದ್ರ ಏನ ಹೇಳ್ತಿ? ಬಾಳಿ ತರಲಾಕ ಅಂದ್ರ ನಂಬ್ತಾರೇನು?"

"ನೀವೊಬ್ಬರೇ ಹ್ಯಾಂಗ ತರ್ತೀರಿ?"

"ಗಾಡಿ ಅದ. ನನಗ ಯಾರ ಕೇಳ್ತಾರ? ಗಡ್ಡ ನೋಡಿದ್ರ ಸಲಾಂ ಹೊಡದು ಬಿಡ್ತಾರ," ಎಂದು ನಕ್ಕರು. "ಕಂದು ಅಗದು ಎಂಟು ದಿನದಾಗ ಬರ್ತೀನಿ. ನೀ ಬರೂತನ ಗುಂಡಿ ತೋಡಿಡು."

ತಪ್ಪಾಗಿ "ನೀ ಬರೂತನ" ಅಂದರು. "ನಾ ಬರೂತನ" ಅನ್ನಬೇಕಾಗಿತ್ತು. ನಾನು ತಿದ್ದಲಿಲ್ಲ. ಗಾಡಿ ಗೇಟು ದಾಟಿ ಹೋಯಿತು. ಬಾಡಿಗೆಯ ಗಾಡಿಯವನು ಅವರನ್ನು ಅಲ್ಲಿ ಬಿಟ್ಟು ಮೂರನೆಯ ದಿನ ತಿರುಗಿ ಬಂದ. ಮಳೆ ಹೆಚ್ಚಾಗಿದೆ, ಬಿಡುವು ಕೊಟ್ಟಾಗ ಇನ್ನೊಂದು ಗಾಡಿಯಲ್ಲಿ ಬರುತ್ತಾರಂತೆ ಎಂದ.

ಆ ವಾರದಲ್ಲೇ ವಿಮಾನದ ಸದ್ದು ಕೇಳಿತು. ಐದು ದಿನ ಊರು ಬಾಗಿಲು ಹಾಕಿಕೊಂಡಿತ್ತು. ಆರನೆಯ ದಿನ ಎಲ್ಲ ಮುಗಿದಿತ್ತು, ನಿಜಾಮರು ಸೋತಿದ್ದರು. ನಮ್ಮ ಓಣಿಯ ಜನ ಹೊರಗೆ ಬಂದು ಒಬ್ಬರ ಮೇಲೊಬ್ಬರು ಗುಲಾಲು ಎರಚಿಕೊಂಡರು. ನಾನೂ ಎರಚಿಸಿಕೊಂಡೆ. ನಿಜ ಹೇಳಬೇಕು, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದೇ ಸಂಜೆ ಬಾಗಿಗೆ ಹೋಗಿ ಗುಂಡಿ ತೋಡುವಾಗ ಇನ್ನೊಂದು ಕಲ್ಲು ಬಂದು ಕೂತಿತು. ಹೋದ ವಾರ ದಾರಿ ನನ್ನಂಥವನಿಗೆ ಕೆಟ್ಟದ್ದಾಗಿತ್ತು. ಈಗ ಅದು ಯಾರಿಗೆ ಕೆಟ್ಟದ್ದು? ಹಳ್ಳಿಗಳ ಕಡೆಯಿಂದ ಬರುತ್ತಿದ್ದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಕೋಟೆಯ ಕಡೆಯ ಮುಸಲ್ಮಾನರ ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ. ಸಲಾಂ ಹೊಡೆದು ಬಿಡುತ್ತಾರೆ ಅಂದಿದ್ದರಲ್ಲ, ಆ ಗಡ್ಡವೇ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಸ್ವಲ್ಪ ದಿನದಲ್ಲೇ ಬಾಗಿಗೆ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಅವಸರದವರು. ದೊಡ್ಡ ಅಧಿಕಾರಿಯೊಬ್ಬರು ಊರು ನೋಡಲು ಬರುವರೆಂದೂ ಬಾಗಿಗೂ ಬರುವರೆಂದೂ ಹೇಳಿದರು. ಮರಗಳ ಮೇಲಿನ ತಗಡು ನೋಡಿ ಕೇಳಿದರು:

"ಇವು ಇನ್ನೂ ಉರ್ದುವಿನಲ್ಲೇ ಇವೆಯಲ್ಲ?"

"ಹೌದ್ರಿ."

"ಹದಿನೈದು ದಿನದೊಳಗೆ ಎಲ್ಲ ಕನ್ನಡ ಆಗಬೇಕು. ನಿಮಗೆ ಎರಡೂ ಬರುತ್ತದಂತೆ."

ಹೊಸ ತಗಡು ಎಲ್ಲೂ ಇರಲಿಲ್ಲ. ಹಳೆಯವನ್ನೇ ತೊಳೆದು ಮತ್ತೆ ಬರೆಯಬೇಕು. ನಾನು ಒಂದೇ ದಿನ ಬುಟ್ಟಿ ಹಿಡಿದು ಮರದಿಂದ ಮರಕ್ಕೆ ಹೋಗಿ ತಗಡುಗಳನ್ನೆಲ್ಲ ಬಿಚ್ಚಿದೆ. ಸುಣ್ಣ-ಸೋಡಾದ ನೀರು ಕಾಸಿದ ಕಡಾಯಿಯಲ್ಲಿ ಸುರಿದೆ. ಯಾವ ತಗಡು ಯಾವ ಮರದ್ದೆಂದು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬೇಡವೆನ್ನುತ್ತಿದ್ದೆ. ಇಮಾಮಸಾಬರು ಇರುವಾಗ ಕಾಗದ ಯಾಕೆ? ಇವತ್ತಲ್ಲ ನಾಳೆ ಬರುತ್ತಾರೆ, ಎಲೆ ಹಿಚುಕಿ ಮೂಸುತ್ತಾರೆ, ಹೇಳುತ್ತಾರೆ. ನಮ್ಮ ಬಾಗು ನಡೆಯುತ್ತಿದ್ದದ್ದೇ ಹಾಗೆ. ಬರೆಯುವವನು ನೆನಪಿಡುತ್ತಿರಲಿಲ್ಲ, ನೆನಪಿಡುವವನಿಗೆ ಬರೆಯಲು ಬರುತ್ತಿರಲಿಲ್ಲ.

ಬಣ್ಣ ಕಡಾಯಿಯಲ್ಲಿ ಹಾಲಿನ ಕೆನೆಯಂತೆ ಎದ್ದು ಬಂತು. ತಗಡುಗಳು ಬತ್ತಲೆಯಾದವು. ಸಾಲಾಗಿ ಹಗ್ಗಕ್ಕೆ ಕಟ್ಟಿ ಒಣಗಹಾಕಿದೆ. ಮತ್ತೆ ಸಫೇದಾ ಬಳಿದೆ. ಆ ವಾಸನೆಯೇ ಹೋದ ತಿಂಗಳು ಪಕ್ಕದ ಮನೆಯಿಂದ ಬಂದದ್ದು.

ನಾಲ್ಕು ದಿನ ಕಾದೆ. ಬೇವು, ಹುಣಸೆ, ಬಸರಿ, ಬನ್ನಿ, ಆಕಾಶಮಲ್ಲಿಗೆ ಹೀಗೆ ಎಲ್ಲರಿಗೂ ಗೊತ್ತಿದ್ದವನ್ನು ಬರೆದು ಕಟ್ಟಿದೆ. ಉಳಿದ ಮರಗಳು ಹೆಸರಿಲ್ಲದೆ ನಿಂತಿದ್ದವು. ಉಳಿದ ತಗಡುಗಳು ಬೆಳ್ಳಗೆ ಹಗ್ಗದ ಮೇಲೆ ತೂಗುತ್ತಿದ್ದವು. ಐದನೆಯ ದಿನ ಬೆಳಕು ಹರಿಯುವಾಗ ಕಮಲಾಪುರದ ದಾರಿ ಹಿಡಿದೆ. ಬಸ್ಸು ಇರಲಿಲ್ಲ, ಗಾಡಿಯವರು ಬರಲೊಪ್ಪಲಿಲ್ಲ. ನಡೆದೆ. ಮಹಾಗಾಂವದ ಹತ್ತಿರ ಒಂದು ಮಠದಲ್ಲಿ ಮಲಗಿ ಎದ್ದು ಮತ್ತೆ ನಡೆದೆ. ದಾರಿಯಲ್ಲಿ ಜೋಳ ಎದೆಯೆತ್ತರ ಬಂದಿತ್ತು, ಹೊಲದಲ್ಲಿ ಜನ ಇರಲಿಲ್ಲ. ನಾನು ಇಮಾಮಸಾಬರನ್ನು ಹುಡುಕಿಕೊಂಡು ಹೊರಟಿದ್ದೆನೋ, ಅವರ ತಲೆಯೊಳಗಿನ ಹೆಸರುಗಳನ್ನು ಹುಡುಕಿಕೊಂಡು ಹೊರಟಿದ್ದೆನೋ ಎಂದು ಆಮೇಲೆ ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಎರಡೂ ಇತ್ತು. ಯಾವುದು ಹೆಚ್ಚು ಎಂದು ಹೇಳಲಾರೆ.

ಮಾವ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ.

"ಬಸಣ್ಣ, ಕಾಲ ತೊಳಕೋ. ಉಣ್ಣು," ಎಂದ.

"ಚಾಚಾ ಎಲ್ಲಿ?"

"ಮೊದಲ ಉಣ್ಣು."

ಅಷ್ಟರಲ್ಲೇ ತಿಳಿಯಿತು. ಮಾವನ ಮಗಳು ನೀಲವ್ವ ಒಳಗಿನಿಂದ ರೊಟ್ಟಿ, ಅಗಸಿ ಹಿಂಡಿ ತಂದು ಮುಂದೆ ಇಟ್ಟಳು. ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ನೀಲಮ್ಮ ಆದವಳು ಅವಳೇ. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ತಂದೆ ಮಾತಾಡುವುದಿಲ್ಲವೆಂದು ಗೊತ್ತಾಗಿ ಅವಳೇ ಹೇಳಿದಳು.

ಇಮಾಮಸಾಬರು ಬಂದ ಮರುದಿನವೇ ಕಂದು ಅಗೆದಿದ್ದರು. ಮಳೆಗೆ ಗಾಡಿ ಸಿಗಲಿಲ್ಲ. ಅಷ್ಟರಲ್ಲಿ ಎಲ್ಲ ಬದಲಾಯಿತು. ಪರಊರಿನ ಗುಂಪೊಂದು ಮುಸಲ್ಮಾನರು ಯಾರಿದ್ದಾರೆಂದು ಮನೆ ಮನೆ ಕೇಳಿಕೊಂಡು ಬಂತು. ಮಾವ ಇಮಾಮಸಾಬರನ್ನು ತೋಟದ ನಡುವೆ, ಒಣಗಿದ ಬಾಳೆ ಎಲೆ ಹೊಚ್ಚಿದ ಸಣ್ಣ ಗುಡಿಸಲೊಳಗೆ ಕೂಡಿಸಿದ. ಗುಂಪು ಎರಡು ಸಲ ತಿರುಗಿ ಬಂದಿತು. ಎರಡು ಸಲವೂ ಮಾವ, "ಮುದುಕ ಎಂದೋ ಹೋದ," ಎಂದ. ಬಾಳೆ ತೋಟದಲ್ಲಿ ಮಳೆ ನಿಂತರೂ ಹನಿ ನಿಲ್ಲುವುದಿಲ್ಲ. ಅವರಿಗೆ ಜ್ವರ ಬಂತು. ಹಕೀಮನನ್ನು ಕರೆದರೆ ಊರಿಗೆ ತಿಳಿಯುತ್ತದೆ. ಕರೆಯಲಿಲ್ಲ. ನೀಲವ್ವ ಹುಲ್ಲಿನ ಬುಟ್ಟಿಯೊಳಗೆ ರೊಟ್ಟಿ ಬಚ್ಚಿಟ್ಟುಕೊಂಡು ಹೋಗಿ ಕೊಡುತ್ತಿದ್ದಳು.

"ಏನರೆ ಅಂದ್ರೇನು?" ಎಂದು ಕೇಳಿದೆ.

"ದಿನಾ ಒಂದಾ ಮಾತು. ಕಂದಿನ ಗಡ್ಡಿ ಒಣಗಬಾರದು, ತೊಯ್ಸಿದ ಗೋಣಿ ಹೊಚ್ಚವ್ವ, ಮುನ್ಶಿ ಗುಂಡಿ ತೋಡಿ ಕಾಯಲಾಕತ್ತಾನ ಅಂತ. ತಮ್ಮ ಮೈಮ್ಯಾಲಿಂದು ತಗದು ಅದಕ್ಕ ಹೊಚ್ಚತಿದ್ರು. ನಾ ಬೈದು ಮತ್ತ ಅವರಿಗಿ ಹೊಚ್ಚಿ ಬರತಿದ್ದೆ."

"ಗಿಡದ ಹೆಸರು ಏನರೆ ಹೇಳಿದ್ರೇನು?"

ಅವಳು ನನ್ನ ಮುಖ ನೋಡಿದಳು. ಆ ನೋಟ ಇನ್ನೂ ನೆನಪಿದೆ.

"ಯಾವ ಗಿಡ?" ಎಂದಳು.

ನಾನು ರೊಟ್ಟಿ ಮುರಿದೆ.

ನಾನು ಹೋಗುವ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು. ನಡು ಮಧ್ಯಾಹ್ನ, ಜೋರು ಮಳೆಯಲ್ಲಿ, ಹೊಲದ ಕಡೆ ಯಾರೂ ಬಾರದ ಹೊತ್ತು ನೋಡಿ ಮಾವನೂ ನೀಲವ್ವನೂ ತೋಟದಲ್ಲೇ ಮಣ್ಣು ಕೊಟ್ಟರು. ಅವರ ಮಂದಿ ಆ ಹೊತ್ತಿಗೆ ಏನು ಹೇಳುತ್ತಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಾವ ಮಗಳನ್ನು ಕೇಳಿದ. ಅವಳಿಗೆ ಅವರ ಬಾಯಿಂದ ಕೇಳಿ ಗೊತ್ತಿದ್ದದ್ದು ಒಂದೇ ಮಾತು. ಹಿಂದಿನ ಸಲ ನಾವು ಬಂದಾಗ, ಮಾವನ ತೋಟದಲ್ಲಿ ಹೊಸ ಕಂದು ಹಚ್ಚಲು ಇಮಾಮಸಾಬರು ಕೈಜೋಡಿಸಿದ್ದರು. ಪ್ರತಿ ಕಂದನ್ನು ಗುಂಡಿಯೊಳಗೆ ಇಳಿಸುವಾಗ ಅವರು ಬಿಸ್ಮಿಲ್ಲಾ ಅನ್ನುತ್ತಿದ್ದರು. ಅವಳು ಅದನ್ನೇ ಹೇಳಿದಳು. ಮಣ್ಣು ಮುಗಿಯುವತನಕ ಹೇಳುತ್ತಲೇ ಇದ್ದಳಂತೆ.

ಮಾವ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಕಲ್ಲು ಇಡುವಂತಿರಲಿಲ್ಲ, ಕಲ್ಲು ಕಂಡರೆ ಯಾರಾದರೂ ಕೇಳುತ್ತಾರೆ. ಅದಕ್ಕೆ ಇಮಾಮಸಾಬರೇ ಅಗೆದಿಟ್ಟಿದ್ದ ಕಂದುಗಳಲ್ಲಿ ಒಂದನ್ನು ತಲೆಯ ಕಡೆ ನೆಟ್ಟಿದ್ದರು. ಸುತ್ತಲೂ ಬಾಳೆಯೇ ಇದ್ದದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ.

"ಬರೋಬ್ಬರಿ ಆತಲ್ಲ? ನೀ ಬಾಗಿನಾಂವ, ನೀನೇ ಹೇಳು," ಎಂದ ಮಾವ.

ಕಂದಿನ ತುದಿಯಲ್ಲಿ ಒಂದು ಎಲೆ ಸುರುಳಿ ಬಿಚ್ಚುತ್ತಿತ್ತು, ಕೆಂಪು ನರದ್ದು. ನನಗೆ ಅಳು ಬಂತು. "ಬರೋಬ್ಬರಿ ಆತು," ಎಂದೆ.

ಬಾಳೆಯ ಬಗ್ಗೆ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಾವನಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಹುಟ್ಟಿದಾಗಿನಿಂದ ಬಾಳೆ ಬೆಳೆದ ಮನೆತನ. ಆದರೂ ಆ ಹೊತ್ತು ನಾವು ಮೂವರೂ ಅದನ್ನು ಮರವೆಂದೇ ತಿಳಿದೆವು.

ಉಳಿದ ಕಂದುಗಳನ್ನು ತೊಯ್ದ ಗೋಣಿಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ತಂದೆ. ಬಾವಿಯ ಪಕ್ಕದ ಗುಂಡಿಗಳಲ್ಲಿ ಹಚ್ಚಿದೆ. ದೊಡ್ಡ ಅಧಿಕಾರಿ ಬರುವ ಹಿಂದಿನ ದಿನ ಹೊಸ ಸಾಹೇಬರು ಹಗ್ಗದ ಮೇಲಿನ ಬಿಳೀ ತಗಡುಗಳನ್ನು ನೋಡಿ ಗಾಬರಿಯಾದರು.

"ಇವನ್ನು ಯಾಕೆ ಬರೆದಿಲ್ಲ?"

"ಹೆಸರು ಗೊತ್ತಿಲ್ಲರಿ."

"ಮುನ್ಶಿಯಾಗಿ ಹೆಸರು ಗೊತ್ತಿಲ್ಲವೇ? ಏನಾದರೂ ಬರೆಯಿರಿ. ಅವರು ಗಿಡಗಳ ಪಂಡಿತರೇನೂ ಅಲ್ಲ."

ನಾನು ಬರೆದೆ. ನೆನಪಿಗೆ ಬಂದ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಚೆಂದಾಗಿ ಬರೆದು, ಕೈಗೆ ಸಿಕ್ಕ ಮರಕ್ಕೆ ಕಟ್ಟಿದೆ. ಎರಡು ಬಟ್ಟು ಸಡಿಲ ಬಿಟ್ಟೇ ಕಟ್ಟಿದೆ. ಮರುದಿನ ಅಧಿಕಾರಿ ಬಂದರು, ಕೈ ಹಿಂದೆ ಕಟ್ಟಿಕೊಂಡು ನಡೆದರು, ಒಂದೆರಡು ತಗಡು ಓದಿ ತಲೆಯಾಡಿಸಿದರು. ಯಾರಿಗೂ ಏನೂ ತಿಳಿಯಲಿಲ್ಲ. ಮುಂದೆ ಶಾಲೆಯ ಮಕ್ಕಳನ್ನು ಮಾಸ್ತರರು ಸಾಲಾಗಿ ಕರೆತಂದು ಆ ಹೆಸರುಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಕಚೇರಿಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಬಹಳ ವರ್ಷಗಳ ಮೇಲೆ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬಂದು ನಕ್ಕು ನಕ್ಕು ಎಲ್ಲವನ್ನೂ ತಿದ್ದಿಸಿದರು. ಒಂದು ಮರ ಮಾತ್ರ ಅವರಿಗೂ ಬಗೆಹರಿಯಲಿಲ್ಲ. ಪಡುವಣ ಗೋಡೆಯ ಹತ್ತಿರ, ಬೂದು ತೊಗಟೆಯದು. "ಹೂ ಬಿಟ್ಟಾಗ ಹೇಳಿ ಕಳಿಸಿರಿ, ಹೂವಿಲ್ಲದೆ ಹೇಳಲಾಗದು," ಎಂದರು. ನಮ್ಮ ಬಿಸಿಲಿಗೋ ಏನೋ ಅದು ಹೂ ಬಿಡಲಿಲ್ಲ. ಅದರ ಹೆಸರನ್ನು ಇಮಾಮಸಾಬರು ಹೇಳಿದ್ದರು, ನಾನೇ ನನ್ನ ಕೈಯಿಂದ ಬರೆದಿದ್ದೆ. ತಗಡಿನ ಅಂಚಿಗೆ ಜಾಗ ಸಾಲದೆ ಕೊನೆಯ ಅಕ್ಷರವನ್ನು ಮೇಲಕ್ಕೆ ಮಡಚಿ ಬರೆದದ್ದು ನೆನಪಿದೆ. ಹೆಸರು ನೆನಪಿಲ್ಲ.

ಮರುವರ್ಷ ನನಗೂ ನೀಲವ್ವನಿಗೂ ಲಗ್ನವಾಯಿತು. ಪಂಚಮಿಗೆ ತವರಿಗೆ ಹೋದಾಗಲೆಲ್ಲ ಅವಳು ತೋಟಕ್ಕೆ ಹೋಗಿ ಬರುತ್ತಿದ್ದಳು. ಮೂರನೆಯ ವರ್ಷವೋ ನಾಲ್ಕನೆಯದೋ, ತಿರುಗಿ ಬಂದವಳು ಗಂಟು ಇಳಿಸುವ ಮೊದಲೇ ಹೇಳಿದಳು:

"ಅದು ನಡೀಲಾಕತ್ತದರಿ."

"ಏನು?"

"ಬಾಳಿ. ನಾವು ಹಚ್ಚಿದ್ದು ಗೊನಿ ಹಾಕಿ ಹೋಯ್ತು. ಅದರ ಮರಿ ಒಂದು ಮಳ ಆಚಿಗಿ ಎದ್ದದ. ಆ ಮರೀದು ಮರಿ ಇನ್ನೂ ಆಚಿಗಿ. ತ್ವಾಟದ ಬಾವಿ ಕಡಿ ಹೊಂಟದ."

"ಬಾಳಿ ಹಂಗೇ. ನಡೀತದ."

"ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

ಗೊನೆ ಹಾಕಿದ ಬಾಳೆ ಸಾಯುತ್ತದೆ, ಮರಿ ಪಕ್ಕದಲ್ಲಿ ಏಳುತ್ತದೆ, ಹೀಗೇ ಮೆಳೆ ಸರಿಯುತ್ತ ಹೋಗುತ್ತದೆ. ಇಮಾಮಸಾಬರಿದ್ದರೆ ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದರು.

ಆಗ ಮಾವ ಇದ್ದ. ಕಲ್ಲು ಇಡೋಣವೆಂದೆ. "ಊರಾಗ ಹಳೇ ಮಾತು ಎಬ್ಬಿಸಬ್ಯಾಡ್ರಿ," ಎಂದ ಮಾವ. ಅವನ ಭಯ ಹೋಗಿರಲಿಲ್ಲ. ಅದು ಅವನ ಜೊತೆಗೇ ಹೋಯಿತು.

ಅಂದಿನಿಂದ ನೀಲಮ್ಮ ಪ್ರತಿ ಪಂಚಮಿಗೆ ತೋಟಕ್ಕೆ ಹೋಗಿ, ಮಣ್ಣು ಕೊಟ್ಟ ಜಾಗದಿಂದ ಬಾಳೆ ಎಷ್ಟು ಸರಿದಿದೆಯೆಂದು ಹೆಜ್ಜೆ ಹಾಕಿ ಅಳೆದು ಬರುತ್ತಿದ್ದಳು. ಈ ವರ್ಷ ಒಂದು ಗೇಣು, ಈ ವರ್ಷ ಏನೂ ಇಲ್ಲ, ಈ ವರ್ಷ ತಿರುಗಿ ಹಿಂದಕ್ಕೆ, ಮೂಡಣಕ್ಕೆ ಎಂದು ಬಂದು ಹೇಳುತ್ತಿದ್ದಳು. ಮಾವ ತೀರಿದ ಮೇಲೆ ತೋಟದ ಕಲ್ಲುಗಟ್ಟೆ ಒಡೆಯಿತು, ಹಳೇ ಬಾವಿ ಮುಚ್ಚಿ ಹೊಸದು ತೋಡಿದರು. ಅಳೆಯಲು ಅವಳು ಗುರುತಿಗೆ ಏನು ಹಿಡಿದಿದ್ದಳೋ ನಾನು ಕೇಳಲಿಲ್ಲ. ಕಲ್ಲಿನ ಮಾತನ್ನೂ ನಾನು ಮತ್ತೆ ಎತ್ತಲಿಲ್ಲ.

"ಒಂದು ಕಾಗದದ ಮ್ಯಾಲ ಬರ್ದಿಡ್ರಿ," ಎಂದು ಅವಳು ಎಷ್ಟೋ ಸಲ ಹೇಳಿದ್ದಳು. "ಊರ ಗಿಡಕ್ಕೆಲ್ಲ ಹೆಸರು ಬರೀತೀರಿ."

"ನಿನಗ ನೆನಪದ ಅಲ್ಲ? ಸಾಕು," ಅನ್ನುತ್ತಿದ್ದೆ.

ಹೋದ ಚಳಿಗಾಲದಲ್ಲಿ ನಾಲ್ಕು ದಿನದ ಉಸಿರಾಟದ ತೊಂದರೆಯಿಂದ ಅವಳು ಹೋದಳು. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳ ಬಾಯಿ ಏನನ್ನೋ ಎಣಿಸುತ್ತಿತ್ತು. ನಾನು ಕೈ ಹಿಡಿದು ಕೂತಿದ್ದೆ. ಕಾಗದ ತೆಗೆಯಲಿಲ್ಲ.

ಬಣ್ಣದವನ ಹತ್ತಿರ ಸ್ವಲ್ಪ ಬಿಳೀ ಬಣ್ಣ, ಸ್ವಲ್ಪ ಕರಿಯದು ಕೇಳಿ ಇಸಿದುಕೊಂಡೆ. ಅಟ್ಟದ ಮೇಲೆ ಹಳೆಯ ತಗಡು ಒಂದಿತ್ತು. ತೊಳೆದು, ಬಳಿದು, ಒಣಗಿಸಿ, ಮೇಲೆ ಉರ್ದುವಿನಲ್ಲಿಯೂ ಕೆಳಗೆ ಕನ್ನಡದಲ್ಲಿಯೂ ಬರೆದೆ: ಇಮಾಮಸಾಬ. ಅಕ್ಷರ ನಿಂತವು. ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋದೆ.

ತೋಟ ಈಗ ನೀಲಮ್ಮನ ತಮ್ಮನ ಮಗನ ಕೈಯಲ್ಲಿದೆ. ಒಳ್ಳೆಯವನು. ಚಹಾ ಕುಡಿಸಿ ಕರೆದೊಯ್ದು ತೋರಿಸಿದ. ಹಳೇ ಮೆಳೆಗಳನ್ನೆಲ್ಲ ಎರಡು ವರ್ಷದ ಹಿಂದೆಯೇ ಬೇರುಸಹಿತ ಕಿತ್ತು, ನೆಲ ಉಳುಮೆ ಮಾಡಿಸಿ, ಹಗ್ಗ ಹಿಡಿದು ಸಾಲಾಗಿ ಹೊಸ ಕಂದು ಹಚ್ಚಿಸಿದ್ದಾನೆ. ಕೆಂಬಾಳೆ ಚೆನ್ನಾಗಿ ಬಂದಿದೆ. ಯಾವ ಕಡೆ ನೋಡಿದರೂ ಒಂದೇ ಥರ.

"ಅತ್ತಿ ಹೋದ ವರ್ಷನೂ ಬಂದು ಇಲ್ಲಿ ಹೆಜ್ಜಿ ಹಾಕ್ಯಾರ ಮಾಮಾ," ಎಂದ. "ಸಾಲಿನಾಗ ನಡದು ನಡದು ಒಂದು ಕಡಿ ನಿಂತು ಬಿಡತಿದ್ರು. ನಾವು ನಗತಿದ್ವಿ."

"ಎಲ್ಲಿ ನಿಂದರತಿದ್ಳು?"

ಅವನು ಸುತ್ತ ನೋಡಿದ. ಒಂದು ಕಡೆ ಕೈ ಎತ್ತಿದ, ಇಳಿಸಿದ, ಇನ್ನೊಂದು ಕಡೆ ತೋರಿಸಿದ. "ಇಲ್ಲೇ ಎಲ್ಲೋ. ನಾ ಅಷ್ಟು ಲಕ್ಷ್ಯ ಕೊಡಲಿಲ್ಲ. ಯಾಕ ಮಾಮಾ?"

ಹೇಳಿದೆ. ಅವನು ಕಾಲಿನ ಚಪ್ಪಲಿ ಬಿಟ್ಟ. ಆಮೇಲೆ, "ಎಲ್ಲಿ ಬೇಕಾದಲ್ಲಿ ಹುಗೀರಿ, ನಾ ಬ್ಯಾಡ ಅನ್ನಲ್ಲ," ಎಂದ. ಎಲ್ಲಿ ಬೇಕಾದಲ್ಲಿ ಎನ್ನುವುದು ಹೆಸರಿನ ತಗಡಿಗೆ ಜಾಗವಲ್ಲ. ಒಂದು ಸಲ ಹಾಗೆ ಮಾಡಿದ್ದೇನೆ. ಸಾಲಿನ ತುದಿಯತನಕ ನಡೆದು, ತಿರುಗಿ ಬಂದು, ಬಸ್ಸು ಹತ್ತಿದೆ.

ಮರುದಿನ ಸಂಜೆ ಬಾಗಿಗೆ ಹೋದೆ. ಈಗ ಅರ್ಧಕ್ಕರ್ಧ ಮರಗಳಿಲ್ಲ. ನಡುವೆ ರಸ್ತೆ, ಕಟ್ಟಡ, ಬೇಲಿ ಬಂದಿವೆ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಕೆಂಬಾಳೆಯ ಮಡಿ ಯಾವಾಗ ಹೋಯಿತೋ. ಪಡುವಣ ಗೋಡೆಯ ಹತ್ತಿರ ಆ ಬೂದು ಮರ ಇನ್ನೂ ನಿಂತಿತ್ತು, ಬುಡದಲ್ಲಿ ಕೆಂಪು ಮಣ್ಣು ತುಸು ಕಾಣುತ್ತಿತ್ತು. ಚೀಲದಿಂದ ಇಮಾಮಸಾಬರ ತಗಡು ತೆಗೆದು ಆ ಮರಕ್ಕೆ ತಂತಿ ಸುತ್ತಿದೆ. ಎರಡು ಬಟ್ಟು ಒಳಗೆ ಹಾಕಿ ನೋಡಿದೆ. ಒಂದು ಬಟ್ಟೇ ಹೋಯಿತು. ಬಿಚ್ಚಿ ಮತ್ತೆ ಕಟ್ಟಿದೆ.

ಕಾಲೇಜಿನ ಹುಡುಗಿಯೊಬ್ಬಳು ನೋಟುಬುಕ್ಕು ಹಿಡಿದು ಮರದಿಂದ ಮರಕ್ಕೆ ಬರುತ್ತಿದ್ದಳು. ಎಲೆ ಆರಿಸಿಕೊಳ್ಳುವುದು, ಹೆಸರು ಬರೆದುಕೊಳ್ಳುವುದು, ಪರೀಕ್ಷೆಯ ಕೆಲಸವಿರಬೇಕು. ನನ್ನ ಹತ್ತಿರ ಬಂದು ನಿಂತು ತಗಡು ಓದಿದಳು.

"ಅಜ್ಜಾ, ಇದು ಗಿಡದ ಹೆಸರೇನ್ರಿ?"

ಅಲ್ಲ ಎನ್ನಬೇಕಾಗಿತ್ತು. ಮತ್ತೊಂದು ತಪ್ಪು ಹೆಸರು ಕಟ್ಟಿದೆನೆಂದು ಹೇಳಬೇಕಾಗಿತ್ತು. ಅಗಸೆ ಎಣ್ಣೆಯ ವಾಸನೆ ಇನ್ನೂ ನನ್ನ ಬೆರಳಿಗೆ ಇತ್ತು.

"ಹೌದವ್ವ," ಎಂದೆ.

ಅವಳು ಬಿದ್ದ ಎಲೆಯೊಂದನ್ನು ಆರಿಸಿ ಹಾಳೆಯ ನಡುವೆ ಇಟ್ಟಳು. ಆಮೇಲೆ ಪೆನ್ನು ತೆಗೆದು, ತಗಡನ್ನು ಇನ್ನೊಮ್ಮೆ ನೋಡಿ, ಅಕ್ಷರ ಅಕ್ಷರವಾಗಿ ಬರೆದುಕೊಂಡಳು.